ನಿವೇದಿತಾಳ ಪರವಾಗಿ ಆಡಿದ ಮಾತು

ಎವರ್‌ಗ್ರೀನ್, ಸ್ಯಾನ್ ಹೋಸೆ
೨೫ ಮೇ ೨೦೨೫, ರವಿವಾರ

ಪ್ರೀತಿಯ ಮಾಧುರಿ,

ನೀನು ವಿಜಯಪುರ ಮುಟ್ಟಿದ ಸುದ್ದಿ ನಿನ್ನ ತಮ್ಮ ಸಂತೋಷಕುಮಾರನ ಫೋನಿನಿಂದ ತಿಳಿಯಿತು. ಮೊಣಕಾಲು ಮತ್ತೆ ಊದಿದೆಯೇ? ಇಪ್ಪತ್ತಮೂರು ತಾಸು ಕೂತು ಹೋದವಳು, ಇಳಿದ ಮರುದಿನವೇ ಅಡುಗೆಮನೆಗೆ ನುಗ್ಗಿದೆಯಂತೆ, ಅದು ಬೇಡ. ನಿನ್ನ ಬಿಪಿ ಗುಳಿಗೆಯ ಡಬ್ಬಿ ಇಲ್ಲಿಯೇ ಸಿಂಕಿನ ಪಕ್ಕ ಉಳಿದಿದೆ. ಅಲ್ಲಿ ಅದೇ ಗುಳಿಗೆ ಯಾವ ಹೆಸರಿನಲ್ಲಿ ಸಿಗುತ್ತದೆ ಎಂದು ವಿಚಾರಿಸಿ ಲಕೋಟೆಯ ಹಿಂದೆ ಬರೆದಿದ್ದೇನೆ, ಇಂದೇ ತರಿಸಿಕೊ. ಅತ್ತೆ ಕಮಲವ್ವನವರು ಊಟ ಮಾಡುತ್ತಿದ್ದಾರೆಯೇ? ಮೊಮ್ಮಗಳಿಗಿಂತ ಮೊದಲು ತಾನು ಹೋಗಬೇಕಿತ್ತು ಎಂದು ಅವರು ಹಗಲೆಲ್ಲ ಅನ್ನುತ್ತಿದ್ದರೆ ತಡೆಯಬೇಡ. ಅವರು ಹೇಳುವುದು ನಿಜ, ಅಷ್ಟೇ. ನಾನು ಕ್ಷೇಮವಾಗಿದ್ದೇನೆ, ಅಂದರೆ ಉಣ್ಣುತ್ತೇನೆ, ಆಫೀಸಿಗೆ ಹೋಗುತ್ತೇನೆ, ಮೀಟಿಂಗಿನಲ್ಲಿ ನನ್ನ ಸರದಿ ಬಂದಾಗ ಮಾತನಾಡುತ್ತೇನೆ.

"ನೀವು ಬರಂಗಿಲ್ಲ ಅಂದಮ್ಯಾಲೆ ನಾಕು ಮಾತರ ಬರದು ಕಳಸ್ರಿ, ಮಗಳ ಗಣಾರಾಧನೆಗೆ ಬಂದ ಮಂದಿ ಕೇಳ್ತಾರ" ಎಂದು ನೀನು ಏರ್‌ಪೋರ್ಟಿನಲ್ಲಿ ಹೇಳಿದ್ದೆ. ಬರೆದಿದ್ದೇನೆ. ಪಕ್ಕದ ಮನೆಯ ಖುರ್ಷಿದ್ ಸಾಹೇಬರು ನಾಳೆ ಕಲಬುರಗಿಗೆ ಹೊರಟಿದ್ದಾರೆ. ಶನಿವಾರದೊಳಗೆ ಇದು ನಿನ್ನ ಕೈಸೇರುತ್ತದೆ. ನಡುವೆ ಒಂದು ಗೆರೆ ಎಳೆದಿದ್ದೇನೆ. ಗೆರೆಯ ಮೇಲೆ, ನೆರೆದಿರುವ ಹಿರಿಯರೇ ಎಂದು ಶುರುವಾಗುವ ಭಾಗವನ್ನು ಬರುವ ರವಿವಾರ ಸಂತೋಷಕುಮಾರ ಎದ್ದು ನಿಂತು ಓದಲಿ. ಗೆರೆಯ ಕೆಳಗಿನದನ್ನು ನೀನೊಬ್ಬಳೇ ಓದು, ರವಿವಾರಕ್ಕಿಂತ ಮೊದಲೇ ಓದು. ಓದಿದ ಮೇಲೆ ಮೇಲಿನ ಭಾಗವನ್ನು ಓದಿಸಬಾರದೆಂದು ನಿನಗೆ ಅನ್ನಿಸಿದರೆ ಓದಿಸಬೇಡ.

ನೆರೆದಿರುವ ಹಿರಿಯರೇ, ಬಂಧುಗಳೇ,

ನನ್ನ ಮಗಳು ನಿವೇದಿತಾಳ ಹೆಸರಿನಲ್ಲಿ ಈ ಬಿಸಿಲಿನಲ್ಲಿ ಇಂಡಿಯಿಂದ, ಸಿಂದಗಿಯಿಂದ, ಬಾಗಲಕೋಟೆಯಿಂದ ನೀವು ಬಂದು ಕೂತಿದ್ದೀರಿ. ನಿಮ್ಮಲ್ಲಿ ಬಹಳ ಮಂದಿ ಅವಳನ್ನು ನೋಡಿದ್ದು ಎರಡು ಸಲ, ಹೆಚ್ಚೆಂದರೆ ಮೂರು ಸಲ. ಆದರೂ ಬಂದಿರಿ. ಅಂಗಡಿ ಮುಚ್ಚಿ ಬಂದವರಿಗೆ, ಬಸ್ಸು ಬದಲಿಸಿ ಬಂದವರಿಗೆ, ಮುಂಜಾನೆಯಿಂದ ಒಲೆಯ ಮುಂದೆ ನಿಂತವರಿಗೆ ನನ್ನ ಕೃತಜ್ಞತೆ ಸಲ್ಲುತ್ತದೆ. ಇದನ್ನು ಉಪಚಾರಕ್ಕಾಗಿ ಹೇಳುತ್ತಿಲ್ಲ. ಉಪಚಾರದ ಮಾತಾಡುವ ಶಕ್ತಿ ನನ್ನಲ್ಲಿ ಉಳಿದಿಲ್ಲ. ಆದರೆ ನೀವು ತಂದಿರುವ ಸಹಾನುಭೂತಿಯನ್ನು ನಾನು ಸ್ವೀಕರಿಸುವುದಿಲ್ಲ. ದಯವಿಟ್ಟು ಅದನ್ನು ಮರಳಿ ಮನೆಗೆ ಒಯ್ಯಿರಿ. ಅದು ನಿಮ್ಮಲ್ಲಿಯೇ ಯಾರಿಗಾದರೂ ಬೇಕಾಗುವ ದಿನ ಬರುತ್ತದೆ.

ನನ್ನ ಚಿಕ್ಕಪ್ಪ ಸಿದ್ರಾಮಪ್ಪ ಕಾಕಾ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಮಗಳು ತೀರಿಕೊಂಡ ದಿನ ಫೋನು ಮಾಡಿ, "ಎಲ್ಲಾ ಅವನ ಆಟ ಐತಿ ತಮ್ಮಾ. ಕೊಟ್ಟಾಂವ ಅವನ, ತಗೊಂಡಾಂವ ಅವನ" ಎಂದರು. ಕಾಕಾ, ಪಕ್ಕದ ಹೊಲದವನು ನಿಮ್ಮ ಬದುವನ್ನು ಒಂದು ಮೊಳ ಒತ್ತಿದಾಗ ನೀವು ಅದನ್ನು ಯಾರ ಆಟವೆಂದೂ ಕರೆಯಲಿಲ್ಲ. ಹನ್ನೆರಡು ವರ್ಷ ಕೋರ್ಟಿಗೆ ಅಲೆದಿರಿ. ಒಂದು ಮೊಳ ಮಣ್ಣಿಗೆ ಇಲ್ಲದ ವೈರಾಗ್ಯವನ್ನು ಇಪ್ಪತ್ತಾರು ವರ್ಷದ ನನ್ನ ಮಗಳ ವಿಷಯದಲ್ಲಿ ಎಲ್ಲಿಂದ ತಂದಿರಿ? ಮಠದಿಂದ ಬಂದ ಹಿರಿಯರು ಶರಣರಿಗೆ ಸಾವೆಂಬುದು ಹಬ್ಬವೆಂದು ಹೇಳಿಕಳಿಸಿದ್ದಾರೆ. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ತನ್ನ ಸಾವನ್ನು ಹಬ್ಬವೆನ್ನುವುದು ಶರಣನ ಅಧಿಕಾರ. ಪರರ ಸಾವನ್ನು ಹಬ್ಬವೆನ್ನುವ ಅಧಿಕಾರವನ್ನು ಯಾವ ಶರಣನೂ ಕೇಳಲಿಲ್ಲ, ನಾನು ಯಾರಿಗೂ ಕೊಡುವುದೂ ಇಲ್ಲ.

ಇಲ್ಲಿಯೂ ಹೀಗೆಯೇ. ಎವರ್‌ಗ್ರೀನಿನ ನಮ್ಮ ಕನ್ನಡದ ಮನೆಗಳವರು ಮೂರು ವಾರ ದಿನಕ್ಕೊಂದು ಮನೆಯಂತೆ ಊಟ ತಂದರು; ತಂದವರೆಲ್ಲ ಬಾಗಿಲಲ್ಲಿ ನಿಂತು ಒಂದೊಂದು ವಾಕ್ಯವನ್ನೂ ಬಿಟ್ಟುಹೋದರು. ಊಟ ಮುಗಿಯಿತು, ವಾಕ್ಯಗಳು ಮುಗಿದಿಲ್ಲ. "ಶೀ ಈಸ್ ಇನ್ ಎ ಬೆಟರ್ ಪ್ಲೇಸ್ ಅಂಕಲ್" ಎಂದ ಒಬ್ಬ ತರುಣನನ್ನು, ಒಳ್ಳೆಯ ಜಾಗವೆಂದು ಎವರ್‌ಗ್ರೀನಿಗೆ ಮೂರು ವರ್ಷದ ಹಿಂದೆ ಮನೆ ಬದಲಿಸಿದವನು ನೀನೇ ಅಲ್ಲವೇ, ಈಗ ಇದಕ್ಕಿಂತ ಒಳ್ಳೆಯ ಆ ಜಾಗಕ್ಕೆ ಯಾವಾಗ ಹೊರಟೆ ಎಂದು ಕೇಳಿದೆ. ಅವನ ಹೆಂಡತಿ ನಮ್ಮ ಮನೆಯ ಕಡೆ ಮತ್ತೆ ಬರಲಿಲ್ಲ. ಖುರ್ಷಿದ್ ಸಾಹೇಬರು ಮಾತ್ರ ಏನೂ ಹೇಳಲಿಲ್ಲ. ಕಸದ ಗಾಡಿ ಬರುವ ಪ್ರತಿ ಮಂಗಳವಾರ ನಮ್ಮ ಡಬ್ಬಿಗಳನ್ನು ರಸ್ತೆಯ ಅಂಚಿಗೆ ಎಳೆದಿಟ್ಟು, ಸಂಜೆ ತಾವೇ ಒಳಗೆ ತಂದರು. ಸಹಾನುಭೂತಿ ಎಂಬುದೊಂದಿದ್ದರೆ ಅದು ಅಷ್ಟೇ ಗಾತ್ರದ್ದಿರಬೇಕು.

ನನ್ನ ಮಗಳು ಕಾಲೇಜಿನಲ್ಲಿ ಎರಡು ವರ್ಷ ಪ್ರಾಚೀನ ಗ್ರೀಕ್ ಓದಿದಳು. ಇಂಜಿನಿಯರನ ಮಗಳು ಎರಡೂವರೆ ಸಾವಿರ ವರ್ಷದ ಹಿಂದಿನವರ ಭಾಷೆ ಕಲಿತು ಏನು ಮಾಡುತ್ತಾಳೆಂದು ನಿಮ್ಮಲ್ಲಿ ಕೆಲವರು ಕೇಳಿದ್ದಿರಿ; ನಿಮಗಿಂತ ಮೊದಲು ನಾನೇ ಕೇಳಿದ್ದೆ. ಏನು ಮಾಡಿದಳೆಂದು ಈಗ ಹೇಳುತ್ತೇನೆ. ರಕ್ತದ ಕ್ಯಾನ್ಸರೆಂದು ತಿಳಿದ ಮೇಲೆ ಓಕ್ಲ್ಯಾಂಡಿನ ಆಸ್ಪತ್ರೆಯ ಕುರ್ಚಿಯಲ್ಲಿ ಕೈಗೆ ಸೂಜಿ ಚುಚ್ಚಿಸಿಕೊಂಡು, ಆ ಜನ ಸಾವಿನ ಬಗ್ಗೆ ಏನೇನು ಯೋಚಿಸಿದ್ದರೆಂದು ನನಗೆ ಹದಿನಾರು ತಿಂಗಳು ಪಾಠ ಹೇಳಿದಳು. ಅವರಲ್ಲೊಬ್ಬ ತನ್ನ ತೋಟದಲ್ಲಿ ಗೆಳೆಯರನ್ನು ಕೂಡಿಸಿಕೊಂಡು ಬಾಳಿದವನು. ನಾವಿರುವ ತನಕ ಸಾವು ಬಂದಿರುವುದಿಲ್ಲ, ಅದು ಬಂದ ಮೇಲೆ ನಾವಿರುವುದಿಲ್ಲ, ಭೇಟಿಯೇ ಆಗದವರ ನಡುವೆ ಭಯವೇಕೆ ಎಂಬುದು ಅವನ ವಾದ. ಮನುಷ್ಯ ಹುಟ್ಟದಿರುವುದೇ ಲೇಸು, ಹುಟ್ಟಿದರೆ ಬಂದ ದಾರಿಯಲ್ಲಿ ಬೇಗ ಮರಳುವುದು ಲೇಸು ಎಂಬ ಮಾತೂ ಅವರಲ್ಲಿತ್ತಂತೆ. ಇದನ್ನು ಬರೆದವರಲ್ಲಿ ಒಬ್ಬನಂತೂ ತೊಂಬತ್ತರವರೆಗೆ ಹಾಯಾಗಿ ಬದುಕಿದ್ದ ಎಂದು ಹೇಳಿ ನಿವೇದಿತಾ ಕೆಮ್ಮುವಷ್ಟು ನಕ್ಕಳು.

ತೋಟದವನ ವಾದ ಗಟ್ಟಿಯಾದದ್ದು. ನಿಮ್ಮೆಲ್ಲರ ಮಾತಿಗಿಂತ ಗಟ್ಟಿ. ಆದ್ದರಿಂದ ಅದನ್ನೇ ಎತ್ತಿಕೊಂಡು ಮುರಿಯುತ್ತೇನೆ. ಅದು ಹೋಗುವವರಿಗಾಗಿ ಕಟ್ಟಿದ ವಾದ. ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂತವನನ್ನು ಅದು ಎಣಿಸಿಯೇ ಇಲ್ಲ. ನಾನು ಇದ್ದೇನೆ. ನಿವೇದಿತಾಳ ಸಾವೂ ಇದೆ. ಇಬ್ಬರಿಗೂ ದಿನಾ ಭೇಟಿಯಾಗುತ್ತದೆ. ಮುಂಜಾನೆ ಚಹಾಕ್ಕೆ ನೀರಿಡುವಾಗ ಅದು ಊಟದ ಮೇಜಿನ ಆಚೆ ಬದಿಯಲ್ಲಿ ನನಗಿಂತ ಮೊದಲೇ ಬಂದು ಕೂತಿರುತ್ತದೆ. ಗ್ರೀಕರಂಥ ಗ್ರೀಕರೇ ಇದಕ್ಕೆ ಉತ್ತರ ಕೊಡದೆ ಹೋದಾಗ, ಕಾಲವೇ ಎಲ್ಲವನ್ನೂ ಮಾಯಿಸುತ್ತದೆ ಎಂದು ನೀವು ನನಗೆ ಹೇಳಬೇಡಿ. ಗಾಯ ನನ್ನದಾಗಿದ್ದರೆ ಮಾಯುತ್ತಿತ್ತು. ಗಾಯ ಅವಳದು.

ಕೊನೆಯದಾಗಿ ಒಂದು ವಿನಂತಿ, ಅದನ್ನು ಆಜ್ಞೆ ಎಂದೇ ತಿಳಿಯಿರಿ. ನಿವೇದಿತಾ ಕೊನೆಯುಸಿರಿನವರೆಗೆ ಹೋರಾಡಿದಳು, ಧೀರೆ, ಎಂಬ ಮಾತನ್ನು ನೀವು ಕೂತಿರುವ ಮಂಟಪದಲ್ಲಿ ಯಾರೂ ಆಡಬಾರದು. ಏಕೆಂದು ಕೇಳಬೇಡಿ. ಅವಳು ಚಿಕ್ಕವಳಿದ್ದಾಗ ಅಜ್ಜಿಯ ಅಂಗಳದಲ್ಲಿ ರೊಟ್ಟಿ ಬಡಿಯಲು ಹೋಗಿ ನಾದಿದ ಹಿಟ್ಟನ್ನೆಲ್ಲ ನಾಯಿಗೆ ತಿನ್ನಿಸಿದ್ದಳು; ಆ ಮಾತನ್ನು ಬೇಕಾದರೆ ಆಡಿ. ಪ್ರಸಾದ ಸ್ವೀಕರಿಸಿ, ಬಿಸಿಲು ಇಳಿದ ಮೇಲೆ ಹೊರಡಿ. ಶರಣು.

―――――――――――――

ಮಾಧುರಿ, ಇಲ್ಲಿಂದ ಮುಂದಿನದು ನಿನಗೆ ಮಾತ್ರ.

ಇದನ್ನು ಎದುರಿಗೆ ಕೂತು ಹೇಳಬಹುದಿತ್ತು. ನಿನ್ನನ್ನು ಏರ್‌ಪೋರ್ಟಿಗೆ ಬಿಡುವ ದಿನ ಫ್ರೀವೇಯಲ್ಲಿ ಟ್ರಾಫಿಕ್ಕು ನಿಂತು ನಲವತ್ತು ನಿಮಿಷ ನಾವಿಬ್ಬರೇ ಕಾರಿನಲ್ಲಿದ್ದೆವು. ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಪಾಸ್‌ಪೋರ್ಟು ಇಟ್ಟುಕೊಂಡಿದ್ದೀಯಾ ಎಂದು ಕೇಳಿದೆ. ನನ್ನ ಹೇಡಿತನ ಅದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಹೀಗಿದೆ. ಎದುರಿಗೆ ಹೇಳಿದರೆ ನೀನು ಒಂದು ಪ್ರಶ್ನೆ ಕೇಳುತ್ತೀ, ನಾನು ಉತ್ತರ ಕೊಡುತ್ತೇನೆ. ಮೂವತ್ತು ವರ್ಷಗಳಲ್ಲಿ ನಿನ್ನ ಯಾವ ಆಕ್ಷೇಪಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ? ಈ ಒಂದು ವಿಷಯದಲ್ಲಿ ನನಗೆ ಮರುವಾದದ ಹಕ್ಕು ಇರಬಾರದು. ಪತ್ರ ಓದಿ ನೀನು ಸಿಟ್ಟಾಗುವ ಹೊತ್ತಿಗೆ ನಾನು ಎದುರಿಗಿರುವುದಿಲ್ಲ. ಅದಕ್ಕಾಗಿ ಬರೆಯುತ್ತಿದ್ದೇನೆ.

ಕಳೆದ ನವೆಂಬರಿನಲ್ಲಿ, ಅಸ್ಥಿಮಜ್ಜೆಯ ಕಸಿಗೆ ಎರಡು ತಿಂಗಳು ಮೊದಲು, ನೀನು ಹಲ್ಲಿನ ಡಾಕ್ಟರರ ಬಳಿ ಹೋಗಿದ್ದ ಒಂದು ಗುರುವಾರ ನಾನೊಬ್ಬನೇ ಅವಳ ಜೊತೆಗಿದ್ದೆ. ಅವಳು ಗ್ರೀಕರ ಸಮಾಧಿಯ ಕಲ್ಲುಗಳ ಬಗ್ಗೆ ಹೇಳತೊಡಗಿದಳು. ಆ ಕಲ್ಲುಗಳ ಮೇಲೆ ಸತ್ತವರ ಬಗ್ಗೆ ಮಾತ್ರ ಬರೆದಿರುತ್ತಿರಲಿಲ್ಲವಂತೆ, ಎಷ್ಟೋ ಕಲ್ಲುಗಳಲ್ಲಿ ಸತ್ತವರೇ ಮಾತನಾಡುತ್ತಿದ್ದರಂತೆ. ದಾರಿಯಲ್ಲಿ ಹೋಗುವವನೇ, ತುಸು ನಿಲ್ಲು; ನಾನು ಇಂಥವನ ಮಗಳು, ಇಷ್ಟು ವರ್ಷ ಇದ್ದೆ, ಮದುವೆಗೆ ಮೊದಲೇ ಹೋದೆ; ಓದಿದೆಯಲ್ಲ, ಇನ್ನು ನಡೆ. ಈ ಬಗೆಯಲ್ಲಿ. ಆ ಕಾಲದಲ್ಲಿ ಓದುವುದೆಂದರೆ ಸಾಮಾನ್ಯವಾಗಿ ಗಟ್ಟಿಯಾಗಿ ಓದುವುದು. ಹಾಗಾಗಿ ಓದುವವನ ಗಂಟಲಿನಿಂದ ಆ ಹುಡುಗಿಯ ಮಾತು ಹೊರಡುತ್ತಿತ್ತು. "ಇಮ್ಯಾಜಿನ್ ಅಪ್ಪಾ, ಆಡು ಹೊಡ್ಕೊಂಡು ಹೋಗೋ ಯಾರೋ ಒಬ್ಬ. ಟೂ ಮಿನಿಟ್ಸ್ ಅವನ ಬಾಯಿ ಅವಳದು" ಎಂದಳು. ನನ್ನ ಸ್ವಭಾವ ನಿನಗೆ ಗೊತ್ತು. ಅವನು ಒಂದು ಮಾತು ಬದಲಿಸಿ ಓದಿದರೆ ಕಲ್ಲಿನ ಕೆಳಗಿನವಳು ಏನು ಮಾಡುತ್ತಾಳೆ ಎಂದು ಕೇಳಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಯಾಕೆ ಬದಲಿಸ್ತಾನೆ? ಸತ್ತೋರಿಗೆ ಯಾರಾದ್ರೂ ಹಂಗೆ ಮಾಡ್ತಾರಾ?"

ಆಮೇಲೆ ಬ್ಯಾಗಿನಿಂದ ಒಂದು ಫಾರ್ಮು ತೆಗೆದಳು. ತನಗೆ ಮಾತನಾಡಲು ಆಗದ ದಿನ ಡಾಕ್ಟರರ ಮುಂದೆ ತನ್ನ ಪರವಾಗಿ ಯಾರು ಮಾತನಾಡಬೇಕೆಂದು ಬರೆದುಕೊಡುವ ಫಾರ್ಮು. ನನ್ನ ಹೆಸರು ಬರೆದಿದ್ದಳು. ಮೌಂಟನ್ ವ್ಯೂನ ಅಪಾರ್ಟ್‌ಮೆಂಟಿನಲ್ಲಿ ಅವಳ ಜೊತೆಗಿದ್ದ ಗೆಳತಿ ಲಾಸ್ಯಾ ಸಾಕ್ಷಿ ಹಾಕಿದ್ದಳು. ಅಮ್ಮನ ಹೆಸರು ಬರೆಯಬಾರದಿತ್ತೇ ಎಂದೆ. "ಅಮ್ಮ ಅಳ್ತಾಳೆ. ನೀವು ಡಿಬೇಟರ್. ಧಾರವಾಡದಲ್ಲಿ ಚೀಟಿ ಎತ್ತಿ ಯಾವ ಸೈಡ್ ಬಂದ್ರೂ ಮಾತಾಡ್ತಿದ್ರಿ ಅಂತ ನೂರು ಸಲ ಹೇಳಿದ್ದೀರಿ. ದಿಸ್ ಈಸ್ ಯುವರ್ ಚೀಟಿ" ಎಂದಳು. ಫಾರ್ಮಿನಲ್ಲಿ ತನ್ನ ಇಚ್ಛೆ ಏನೆಂದು ತಿಳಿಸಲು ಎರಡು ಮೂರು ಚೌಕಗಳಿದ್ದವು. ಅವುಗಳಲ್ಲಿ ಗುರುತು ಹಾಕಿರಲಿಲ್ಲ. ಚೌಕದಲ್ಲಿ ತನ್ನ ಮಾತು ಹಿಡಿಯುವುದಿಲ್ಲ, ನಿಮಗೆ ಹೇಳುತ್ತೇನೆ, ನೀವು ಹೇಳಿ ಎಂದಳು.

ಹೇಳಿದಳು, ಮಾಧುರಿ. ಸ್ಪಷ್ಟವಾಗಿ ಹೇಳಿದಳು. ಬೆಳಗಿನ ದೇವತೆಯೊಬ್ಬಳು ತನ್ನ ಮನುಷ್ಯ ಪ್ರಿಯಕರನಿಗೆ ಸಾವು ಬಾರದಿರಲಿ ಎಂದು ವರ ಬೇಡಿದ ಕತೆಯಿಂದ ಶುರು ಮಾಡಿದಳು. ವರ ಸಿಕ್ಕಿತು. ಮುಪ್ಪು ಬಾರದಿರಲಿ ಎಂದು ಬೇಡಲು ಅವಳು ಮರೆತಿದ್ದಳು. ಅವನು ಬತ್ತಿ, ಕುಗ್ಗಿ, ಕೈಕಾಲು ಎತ್ತಲಾರದೆ, ಮುಚ್ಚಿದ ಕೋಣೆಯಲ್ಲಿ ಸಾಯಲಾಗದೆ ಗೊಣಗುತ್ತ ಉಳಿದ. ಇದು ಬೇಡಿಕೆಯ ತಪ್ಪಲ್ಲ, ಬೇಡಿಕೆಯನ್ನು ಬರೆದ ರೀತಿಯ ತಪ್ಪು, ನನ್ನ ಕೈಗೆ ಕೊಟ್ಟಿದ್ದರೆ ಸರಿಯಾಗಿ ಬರೆದುಕೊಡುತ್ತಿದ್ದೆ ಎಂದೆ. "ಅಪ್ಪಾ! ದೇವತೆಗೂ ಮಾರ್ಕ್ಸ್ ಕಟ್ ಮಾಡಿದ್ರಾ?" ಎಂದು ನಕ್ಕಳು. ನಗು ನಿಂತ ಮೇಲೆ ಹೇಳಿದಳು. ಕಸಿ ಸೋತು, ಉಸಿರಾಟವನ್ನು ಯಂತ್ರ ಮಾಡುತ್ತಿದ್ದು, ಮರಳುವ ದಾರಿ ಇಲ್ಲವೆಂದು ಡಾಕ್ಟರರು ಹೇಳಿದರೆ ನಿಲ್ಲಿಸಬೇಕು. ಆಗುವುದಾದರೆ ಮನೆಗೆ ತರಬೇಕು, ಗುಡ್ಡ ಕಾಣುವ ಆ ಹಿಂದಿನ ಕೋಣೆಗೆ. ಅಮ್ಮ ತಲೆಯ ಹತ್ತಿರ ಕೂರಬೇಕು, ಬೇಕಾದಷ್ಟು ಅಳಬೇಕು. ಕೈ ಯಾರೂ ಹಿಡಿದಿಡಬಾರದು. "ಪ್ರಾಮಿಸ್?" ಎಂದಳು. ನಾನು ಪ್ರಾಮಿಸ್ ಎಂದೆ.

ಏಪ್ರಿಲ್ ಇಪ್ಪತ್ತಮೂರು, ಬುಧವಾರ, ಆಸ್ಪತ್ರೆಯ ಆ ಚಿಕ್ಕ ಕೋಣೆ ನಿನಗೆ ನೆನಪಿದೆ. ಕಿಟಕಿಯಲ್ಲಿ ಬಂದರಿನ ಕ್ರೇನುಗಳು, ಮೇಜಿನ ಮೇಲೆ ಟಿಶ್ಯೂ ಪೆಟ್ಟಿಗೆ. ಎತ್ತರದ ಆ ಡಾಕ್ಟರಮ್ಮ ಕಸಿ ಸೋತಿದೆ, ಮರಳುವ ದಾರಿ ಇಲ್ಲ ಎಂದು ಎಲ್ಲವನ್ನೂ ವಿವರಿಸಿದ ಮೇಲೆ ಇಷ್ಟೇ ಕೇಳಿದರು: ನಿಮಗೆ ಏನು ಬೇಕೆಂದು ನಾನು ಕೇಳುತ್ತಿಲ್ಲ, ನಿವೇದಿತಾ ಈ ಕುರ್ಚಿಯಲ್ಲಿ ಕೂತಿದ್ದರೆ ಏನು ಹೇಳುತ್ತಿದ್ದಳು? ನೀನು ನನ್ನ ಕಡೆ ತಿರುಗಿ, "ಅಕಿ ನಿಮ್ಮ ಮುಂದ ಏನರ ಹೇಳಿದ್ದಳೇನ್ರಿ?" ಎಂದೆ. ನಾನು ಎದ್ದು ನಿಂತೆ. ಕೂತು ಹೇಳಬಹುದಾದ ಮಾತಿಗೆ ಯಾಕೆ ಎದ್ದನೆಂದು ನಿನಗೆ ಆಗ ಅನ್ನಿಸಿರಬಹುದು. ಚರ್ಚಾಸ್ಪರ್ಧೆಯಲ್ಲಿ ನಮಗೆ ಒಂದೇ ಒಂದು ಧರ್ಮವಿತ್ತು. ಮನಸ್ಸು ಯಾವ ಕಡೆಗೇ ಇರಲಿ, ನಾಲಿಗೆ ಚೀಟಿಯ ಕಡೆಗಿರಬೇಕು. ವಿರೋಧದ ಚೀಟಿ ಎತ್ತಿದವನು ವೇದಿಕೆಯಲ್ಲಿ ಪರವಾಗಿ ಮಾತನಾಡಿದರೆ ಅವನನ್ನು ಮುಂದಿನ ವರ್ಷ ತಂಡಕ್ಕೆ ಸೇರಿಸುತ್ತಿರಲಿಲ್ಲ. ಆ ಧರ್ಮವನ್ನು ನಾನು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಮ್ಮೆಯೂ ಮುರಿಯಲಿಲ್ಲ. ಐವತ್ತೆಂಟರಲ್ಲಿ ಮುರಿದೆ.

ಅವಳು ನಿಲ್ಲಿಸಬೇಡಿ ಎಂದಿದ್ದಾಳೆ ಎಂದೆ. ಯಾವ ಯಂತ್ರ ಬೇಕಾದರೂ ಹಾಕಿ, ಎಷ್ಟು ದಿನವಾದರೂ ಇಡಿ, ಕೊನೆಯವರೆಗೂ ಹೋರಾಡುತ್ತೇನೆ ಎಂದಿದ್ದಾಳೆ ಎಂದೆ. ಅವಳ ಬಾಯಲ್ಲಿ ಎಂದೂ ಬಾರದ ವಾಕ್ಯಗಳನ್ನು ಅವಳ ದನಿಯ ಏರಿಳಿತದಲ್ಲಿಯೇ ಹೇಳಿದೆ. ನಾಲ್ಕು ನಿಮಿಷ ಮಾತನಾಡಿದೆ. ಜೊತೆಗಿದ್ದ ನರ್ಸು ಕಣ್ಣೊರೆಸಿಕೊಂಡಳು. ಡಾಕ್ಟರಮ್ಮ ತಲೆಯಾಡಿಸಿ, ಹಾಗಿದ್ದರೆ ಮುಂದುವರಿಸೋಣ ಎಂದರು. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಎಂದೂ ಮಾತನಾಡಿರಲಿಲ್ಲ. ನನಗೆ ಆಗ ಆಸೆ ಇತ್ತೆಂದು ತಿಳಿಯಬೇಡ, ಇರಲಿಲ್ಲ. ಡಾಕ್ಟರಮ್ಮ ಆಸೆಗೆ ಎಡೆ ಕೊಟ್ಟಿರಲಿಲ್ಲ. ಎದುರಿನವರು ಮುಗಿಯಿತು ಎಂದಾಗ ಮುಗಿದಿಲ್ಲ ಎಂದು ಸಾಧಿಸಿ ತೋರಿಸದೆ ಕೂರುವುದು ನನಗೆ ಗೊತ್ತಿರಲಿಲ್ಲ. ನನ್ನ ಮಗಳನ್ನು ನಾನು ಆ ಒಂದು ಚಟಕ್ಕೆ ಕೊಟ್ಟೆ.

ಹನ್ನೊಂದು ದಿನ. ನೀನು ಅಲ್ಲಿಯೇ ಇದ್ದೆ, ವರ್ಣಿಸಬೇಕಾಗಿಲ್ಲ. ನಳಿಗೆ ಕಿತ್ತುಕೊಳ್ಳದಿರಲಿ ಎಂದು ಮಣಿಕಟ್ಟಿಗೆ ಬಟ್ಟೆಯ ಪಟ್ಟಿ ಕಟ್ಟಿದಾಗ, "ಅಕಿದು ಕೈ ಯಾಕ ಕಟ್ಟ್ಯಾರ್ರಿ?" ಎಂದು ನೀನು ನರ್ಸಿಗೆ ಕನ್ನಡದಲ್ಲಿಯೇ ಕೇಳಿದೆ. ನಾನು ಇಂಗ್ಲಿಷಿನಲ್ಲಿ ಕೇಳಿ ಹೇಳಲಿಲ್ಲ. ಆರನೆಯ ದಿನ ನೀನು ಕ್ಯಾಂಟೀನಿಗೆ ಹೋದಾಗ ಅವಳು ಕಣ್ಣು ತೆರೆದಳು. ಮಾತು ಅವಳಿಗೆ ಸಾಧ್ಯವಿರಲಿಲ್ಲ. ಕಟ್ಟಿದ ಕೈಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಔಷಧದ ಮಂಪರಿನಲ್ಲಿ ಏನೂ ತಿಳಿದಿರಲಾರದೆಂದು ಡಾಕ್ಟರರು ಹೇಳುತ್ತಾರೆ. ಇರಬಹುದು. ನಾನು ಆ ನೋಟಕ್ಕೆ ಬೇರೆ ಅರ್ಥ ಹುಡುಕಿ ಸೋತಿದ್ದೇನೆ.

ಇದನ್ನು ನನ್ನಲ್ಲಿಯೇ ಇಟ್ಟುಕೊಂಡು ಸಾಯಬಹುದಿತ್ತು. ಇಟ್ಟುಕೊಳ್ಳದಿರಲು ಕಾರಣ ನಿನ್ನ ಒಂದು ಮಾತು. ಮಣ್ಣು ಮಾಡಿ ಬಂದ ದಿನ ನೀನು ಬಾಗಿಲಲ್ಲಿ ಚಪ್ಪಲಿ ಬಿಡುತ್ತ, "ಅಕಿ ಹೆಂಗ ಬೇಕಂದಿದ್ದಳೋ ಹಂಗ ಆತಲ್ರಿ. ನನಗ ಅಷ್ಟ ಸಾಕು" ಎಂದೆ. ಮರುದಿನ ಲಾಸ್ಯಾಳಿಗೆ ಅದನ್ನೇ ಹೇಳಿದೆ. ಫೋನಿನಲ್ಲಿ ಅತ್ತೆಯವರಿಗೆ ಹೇಳಿದೆ. ಈಗ ಅಲ್ಲಿಯೂ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದೀಯೆಂದು ಸಂತೋಷಕುಮಾರ ಮೆಚ್ಚಿ ತಿಳಿಸಿದ. ನಿನಗೆ ಉಳಿದಿರುವ ಸಮಾಧಾನ ಅದೊಂದೇ ಎಂದು ನನಗೆ ಗೊತ್ತು. ಅದನ್ನು ನಾನು ಕಟ್ಟಿದ್ದು. ನೀನು ಅದರ ಮೇಲೆ ತಲೆಯಿಟ್ಟು ಮಲಗುವುದನ್ನು ಎರಡು ವಾರ ಪಕ್ಕದಲ್ಲಿ ನೋಡಿದೆ, ಇನ್ನು ನೋಡಲಾರೆ. ಅವಳು ಹೇಗೆ ಬೇಕೆಂದಿದ್ದಳೋ ಹಾಗೆ ಆಗಲಿಲ್ಲ, ಮಾಧುರಿ. ಸತ್ಯ ಹೇಳಿದ್ದರಿಂದ ನನಗೆ ಹಗುರವಾಯಿತೆಂದು ಬರೆದರೆ ಅದೂ ಸುಳ್ಳು.

ಇನ್ನೊಂದು ಇದೆ. ಅಥೆನ್ಸಿನವರು ಹೆಂಗಸರು ಹೆಣದ ಹಿಂದೆ ಕೆನ್ನೆ ಪರಚಿಕೊಂಡು ಅಳಬಾರದು, ಸೂರ್ಯ ಹುಟ್ಟುವ ಮೊದಲೇ ಹೆಣ ಸಾಗಬೇಕು ಎಂದು ಕಾನೂನು ಮಾಡಿದ್ದರಂತೆ. ಎಷ್ಟು ಸಭ್ಯ ಜನ ಎಂದು ನಾನು ಮೆಚ್ಚಿದ್ದೆ. "ಸಭ್ಯ ಅಲ್ಲ ಅಪ್ಪಾ, ಅವರಿಗೆ ಹೆದರಿಕೆ. ಅಳೋ ಹೆಂಗಸು ಏನು ಬೇಕಾದ್ರೂ ಹೇಳಿಬಿಡ್ತಾಳೆ" ಎಂದಿದ್ದಳು. ಸ್ಮಶಾನದಲ್ಲಿ ನೀನು ಅವಳ ಹೆಸರು ಹಿಡಿದು ಕೂಗಿದಾಗ, ಸಾಕು, ಮಂದಿ ನೋಡುತ್ತಾರೆ ಎಂದು ನಿನ್ನ ತೋಳು ಹಿಡಿದು ಎಳೆದವನು ನಾನು. ನಾನು ಹೆದರಿದ್ದು ಮಂದಿಗಲ್ಲ, ನಿನ್ನ ಬಾಯಿಂದ ಬರಬಹುದಾದ ಮಾತಿಗೆ. ಅಲ್ಲಿ ನಿನಗೆ ಅಮ್ಮ ಇದ್ದಾಳೆ, ಅಂಗಳ ಇದೆ, ತೋಳು ಹಿಡಿಯಲು ನಾನಿಲ್ಲ. ಅಳು. ನನ್ನ ಹೆಸರು ಹಿಡಿದು ಬೈದು ಅಳು. ಸಿದ್ರಾಮಪ್ಪ ಕಾಕಾ ಆಟದ ಮಾತು ತೆಗೆದರೆ ಅವರ ಮೇಲೂ ಹರಿಹಾಯಿ. ನನ್ನ ಅಪ್ಪಣೆ ಇದೆ ಎಂದು ಬರೆಯಲಿದ್ದೆ, ಅದೂ ನನ್ನ ಹಳೆಯ ಚಾಳಿ. ನಿನಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಅತ್ತೆಯವರಿಗೆ ನನ್ನ ಶರಣು ಹೇಳು. ಅವರಿಗೆ ಇದನ್ನು ತಿಳಿಸುವುದೋ ಬಿಡುವುದೋ ನಿನ್ನ ಇಷ್ಟ. ಲಾಸ್ಯಾಳಿಗೆ ನಾನೇ ಹೇಳುತ್ತೇನೆ. ಸಾಕ್ಷಿ ಹಾಕಿದವಳಿಗೆ ತಿಳಿಯಬೇಕು. ನಿನ್ನ ಮರಳುವ ಟಿಕೆಟ್ಟು ಜೂನ್ ಹದಿನಾಲ್ಕಕ್ಕೆ ಇದೆ. ಆ ಬಗ್ಗೆ ನಾನು ಏನನ್ನೂ ಕೇಳುವುದಿಲ್ಲ, ಕ್ಷಮೆಯನ್ನೂ ಕೇಳುವುದಿಲ್ಲ. ಕೇಳಿದರೆ ಚೆನ್ನಾಗಿ ಕೇಳಿಬಿಡುತ್ತೇನೆ, ನೀನು ಕೊಟ್ಟುಬಿಡುತ್ತೀ. ಗುಳಿಗೆ ತಪ್ಪಿಸಬೇಡ. ಬಿಸಿಲಿನಲ್ಲಿ ಬರಿಗಾಲಲ್ಲಿ ಮಾಳಿಗೆ ಹತ್ತಬೇಡ. ನಿನಗೆ ಒಳ್ಳೆಯದಾಗಲಿ.

ಇಂತು,
ಶಿವಪ್ರಸಾದ

ತಾ.ಕ.: ಖುರ್ಷಿದ್ ಸಾಹೇಬರು ಪೆಟ್ಟಿಗೆ ಕಟ್ಟುವ ಮೊದಲು ಲಕೋಟೆ ಒಯ್ಯಲು ಬಂದು ಹಾಲ್‌ನಲ್ಲಿ ಕೂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಾಲ್ಕು ವರ್ಷದ ಹಿಂದೆ ವಿಮೆಯವರು ಹೇಳಿದರೆಂದು ನಾವಿಬ್ಬರೂ ನಿವೇದಿತಾ ಬರೆದಂಥದೇ ಫಾರ್ಮು ಬರೆದಿದ್ದೆವು, ನಿನಗೆ ಮರೆತಿರಬಹುದು. ನಿನ್ನ ಪರವಾಗಿ ನಾನು, ನನ್ನ ಪರವಾಗಿ ನೀನು. ಶುಕ್ರವಾರ ನಮ್ಮ ಡಾಕ್ಟರರ ಆಫೀಸಿಗೆ ಹೋಗಿ, ಇನ್ನು ಮುಂದೆ ನಿನ್ನ ಪರವಾಗಿ ನಾನು ಮಾತನಾಡುವುದಿಲ್ಲ ಎಂದು ಬರೆದು ಸಹಿ ಮಾಡಿ ಕೊಟ್ಟುಬಂದೆ. ನಿನ್ನನ್ನು ಕೇಳಲಿಲ್ಲ. ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ. ಸಂತೋಷಕುಮಾರನೋ ಲಾಸ್ಯಾಳೋ, ನಿನಗೆ ಯಾರಲ್ಲಿ ನಂಬಿಕೆಯಿದೆಯೋ ಅವರ ಹೆಸರು ಬರೆದುಕೊಡು, ತಡಮಾಡಬೇಡ. ನನ್ನ ಫಾರ್ಮಿನಲ್ಲಿ ನಿನ್ನ ಹೆಸರು ಹಾಗೆಯೇ ಇದೆ; ಏನೇ ಆದರೂ ಅದನ್ನು ತೆಗೆಸುವುದಿಲ್ಲ. ಆ ದಿನ ನಾನು ಏನು ಹೇಳುತ್ತಿದ್ದೆ ಎಂದು ಅವರು ನಿನ್ನನ್ನು ಕೇಳುತ್ತಾರೆ. ನಿನಗೆ ತೋಚಿದ್ದನ್ನು ಹೇಳು. ನಾನು ಯಾರಿಗೂ ಏನನ್ನೂ ಹೇಳಿಟ್ಟಿರುವುದಿಲ್ಲ.